ಕೊಟ್ರೇಶನ ಕಾರ್ಡು ಅಚ್ಚಾಗದ ಮಧ್ಯಾಹ್ನ

ದೆವ್ವ, ಗಾಳಿ, ಶಕುನ, ಅಂಜನ ಇವನ್ನೆಲ್ಲ ನಂಬುವವರನ್ನು ಕಂಡರೆ ಒಂದು ಕಾಲದಲ್ಲಿ ನನಗೆ ನಗು ತಡೆಯುತ್ತಿರಲಿಲ್ಲ. ಬೆಕ್ಕು ಅಡ್ಡ ಹೋಯಿತೆಂದು ಕೊಟ್ಟೂರಿನ ಬಸ್ಸು ಬಿಟ್ಟು ಕುಳಿತ ನನ್ನ ಸೋದರಮಾವನನ್ನು ಎಲ್ಲರೆದುರು ಆಡಿಕೊಂಡು ಬೈಸಿಕೊಂಡವನು ನಾನು. ಈಗಲೂ ಪೂರ್ತಿ ಬದಲಾಗಿದ್ದೇನೆ ಎನ್ನಲಾರೆ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿದೆ ಎಂದುಕೊಂಡು ಮುಂದೆ ಹೋಗುತ್ತೇನೆ. ಆದರೆ ಕೂಡ್ಲಿಗಿಯ ನನ್ನ ಅಂಗಡಿಯಲ್ಲಿ ಹಾಡಹಗಲೇ ನಡೆದ ಒಂದು ಸಂಗತಿಗೆ ಮಾತ್ರ ಇಂದಿಗೂ ನನ್ನ ಬಳಿ ಉತ್ತರವಿಲ್ಲ. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹಾಗಾಗಿ ಊರಿಗೆಲ್ಲ ನಾನು ಮಾಸ್ತರ. ಇದ್ದ ಕನ್ನಡ ಟೈಪ್‌ರೈಟರುಗಳನ್ನೆಲ್ಲ ಮಾರಿ, ಹೊಸಪೇಟೆಯಿಂದ ಒಂದು ಹಳೆಯ ಕಂಪ್ಯೂಟರನ್ನೂ ಪ್ರಿಂಟರನ್ನೂ ತಂದುಬಿಟ್ಟೆ. ಮನೆಯಲ್ಲಿ ಬೈಗುಳ ತಿಂದೆ. ಊರಿನವರು ಮಾತ್ರ ಕಿಟಕಿಗೆ ಮುಖ ಆನಿಸಿ ನಿಂತು ನೋಡುತ್ತಿದ್ದರು. "ಟೀವಿ ತಂದಾನ ಖರೆ, ಸಿನಿಮಾ ಯಾಕ ಬರವಲ್ದು?" ಎಂದು ಒಬ್ಬ ಅಜ್ಜ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ನಾನೇನೋ ದೊಡ್ಡ ಸಾಹಸ ಮಾಡುತ್ತಿದ್ದೇನೆ ಎಂಬ ಹುಮ್ಮಸ್ಸಿನಲ್ಲಿ ಊಟ ನಿದ್ದೆ ಎರಡೂ ಮರೆತಿದ್ದ ಕಾಲವದು.

ಈಗಿನಂತೆ ಪರದೆಯ ಮೇಲಿನ ಚಿತ್ರ ಒತ್ತಿದರೆ ಕೆಲಸವಾಗುವ ಯಂತ್ರ ಅದಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಏನು ಬೇಕಾದರೂ ಅಪ್ಪಣೆಯನ್ನು ಟೈಪು ಮಾಡಿಯೇ ಕೊಡಬೇಕು. ಅಚ್ಚು ತೆಗೆಯಬೇಕೆಂದರೆ 'ಕಾಪಿ' ಎಂದು ಬರೆದು, ಫೈಲಿನ ಹೆಸರು ಹಾಕಿ, ಕೊನೆಗೆ ಪ್ರಿಂಟರಿನ ಹೆಸರಾದ ಪಿ.ಆರ್.ಎನ್. ಎಂಬ ಮೂರು ಅಕ್ಷರ ಸೇರಿಸಿ ಎಂಟರ್ ಕೀಲಿ ಒತ್ತಬೇಕು. ಒತ್ತಿದೊಡನೆ ಪ್ರಿಂಟರ್ ಕಿರ್ರೋ ಎಂದು ಅರಚುತ್ತಿತ್ತು. ಪಕ್ಕದ ಚಹಾದಂಗಡಿಯವನು ಆ ಸದ್ದು ಕೇಳಿದರೆ ಗಿರಾಕಿ ಬಂದಿದ್ದಾರೆಂದು ತಾನೇ ಚಹಾ ಕಳಿಸುತ್ತಿದ್ದ. ಹೆಚ್ಚು ಪ್ರತಿ ಬೇಕಾದವರಿಗೆ ರಿಬ್ಬನ್ ತೆಗೆದಿಟ್ಟು, ಕಾಗದದ ಬದಲು ಮೇಣದ ಸ್ಟೆನ್ಸಿಲ್ ಹಾಳೆ ಏರಿಸುತ್ತಿದ್ದೆ. ಪ್ರಿಂಟರಿನ ಸೂಜಿಗಳು ಅಕ್ಷರಗಳನ್ನು ಚುಚ್ಚಿ ಕೊಟ್ಟ ಮೇಲೆ ಆ ಹಾಳೆಯನ್ನು ಸೈಕ್ಲೋಸ್ಟೈಲ್ ಯಂತ್ರಕ್ಕೆ ಸುತ್ತಿ ತಿರುಗಿಸಿದರೆ ಶಾಯಿ ಇಳಿದು ಬೇಕಾದಷ್ಟು ಪ್ರತಿ ಬರುತ್ತಿದ್ದವು. ಪ್ರೆಸ್ಸಿನವರು ದಿನಗಟ್ಟಲೆ ಕಾಯಿಸುವ ಕೆಲಸ ನನ್ನಲ್ಲಿ ಒಂದೇ ಹೊತ್ತಿನಲ್ಲಿ ಮುಗಿಯುತ್ತಿತ್ತು. ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು.

ಬರುತ್ತಿದ್ದ ಕೆಲಸದಲ್ಲಿ ಸಾವಿನ ಕಾರ್ಡುಗಳೂ ಇರುತ್ತಿದ್ದವು. ನಮ್ಮ ಕಡೆ ಸಾವಿನ ಕಾಗದವನ್ನು ಓದಿದ ಮೇಲೆ ಹರಿದು ಹಾಕುತ್ತಾರೆ, ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ನಾನು ಏನನ್ನೂ ನಂಬದವನಾದರೂ ಗಿರಾಕಿಗಳ ಮನಸ್ಸಿಗೆ ಬೆಲೆ ಕೊಟ್ಟು ಅದನ್ನೇ ಕಂಪ್ಯೂಟರಿಗೂ ಅನ್ವಯಿಸಿದ್ದೆ. ಕಾರ್ಡುಗಳನ್ನು ಕೊಟ್ಟು ಕಳಿಸಿದ ಸಂಜೆಯೇ ಸ್ಟೆನ್ಸಿಲ್ ಹರಿದು, ಕೆಲಸ ಉಳಿಸಿಡುವ ಫ್ಲಾಪಿ ಡಿಸ್ಕಿನಿಂದ ಆ ಫೈಲನ್ನೂ ಅಳಿಸಿಬಿಡುತ್ತಿದ್ದೆ. ಈ ಅಭ್ಯಾಸವನ್ನು ನೀವು ನೆನಪಿಟ್ಟುಕೊಳ್ಳಬೇಕು.

ಒಂದು ದಿನ ಊಟದ ಹೊತ್ತಿಗೆ ಹೊಸಹಳ್ಳಿಯಿಂದ ಬಸಣ್ಣ ಎಂಬುವವರು ಬಂದರು. ಜೊತೆಗೆ ಅವರ ತಮ್ಮನ ಹೆಂಡತಿ ಹಾಲಮ್ಮ. ತಮ್ಮ ಕೊಟ್ರೇಶ ಲಾರಿ ಡ್ರೈವರು. ಹಿಂದಿನ ಮಳೆಗಾಲದಲ್ಲಿ ಆಂಧ್ರದ ಕಡೆ ಹೊಳೆ ದಾಟುವಾಗ ಅವನ ಲಾರಿ ಕೊಚ್ಚಿಹೋಗಿತ್ತು. ಕ್ಲೀನರನ ಹೆಣ ಸಿಕ್ಕಿತು, ಕೊಟ್ರೇಶನದು ಸಿಗಲಿಲ್ಲ. ಅವನ ಶಿವಗಣಾರಾಧನೆಯ, ಅಂದರೆ ತಿಥಿಯ ಕಾರ್ಡು ಮಾಡಿಸಲು ಇವರು ಬಂದಿದ್ದರು.

"ವರ್ಷ ಆತು ಮಾಸ್ತರ್ರ, ಹಾದಿ ಕಾದು ಕಾದು ಸಾಕಾತು," ಎಂದರು ಬಸಣ್ಣ. "ಮನ್ಯಾಗ ಮಗಳು ಮದಿವಿಗೆ ಬಂದಾಳ. ಇದೊಂದು ಕಾರ್ಯ ಮುಗೀಲಾರದ ಶುಭಕಾರ್ಯ ಬ್ಯಾಡ ಅಂತಾರ ಹಿರೇರು. ನನಗೇನು ಹೌಸಿ ಐತೇನ್ರಿ, ಒಡಹುಟ್ಟಿದ ತಮ್ಮನ ಕಾರ್ಡು ಮಾಡ್ಸಾಕ?"

ಹಾಲಮ್ಮ ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತು ಕೈಯಲ್ಲಿದ್ದ ಹಸಿರು ಬಳೆಗಳನ್ನು ತಿರುವುತ್ತಿದ್ದಳು. ಕಾರ್ಡು ಹಂಚಿದ ಮೇಲೆ ಆ ಬಳೆ, ಆ ಕುಂಕುಮ ಉಳಿಯುವಂತಿರಲಿಲ್ಲ. ನಾನು ನೀರು ಕೊಟ್ಟಾಗ ಲೋಟ ಹಿಡಿದುಕೊಂಡೇ ಕೇಳಿದಳು. "ಹೆಣಾನ ನೋಡಿಲ್ರಿ ಅಣ್ಣಾರ. ಬಳಿ ಹೆಂಗ ತಗೀಲಿ?"  ಒಳಗೆ ಬಂದು ಕೆಲಸಕ್ಕೆ ಕೂತೆ.

ಬಸಣ್ಣ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. ಫೈಲಿಗೆ ಕೊಟ್ರೇಶನ ಹೆಸರನ್ನೇ ಇಟ್ಟೆ. ಪರದೆಯ ಮೇಲೆ ಪೂರ್ತಿ ಓದಿ ತೋರಿಸಿದೆ, ಅವರು ಕಣ್ಣೊರೆಸಿಕೊಂಡು ತಲೆಯಾಡಿಸಿದರು. ರಿಬ್ಬನ್ ತೆಗೆದೆ, ಸ್ಟೆನ್ಸಿಲ್ ಏರಿಸಿದೆ, ಅಪ್ಪಣೆ ಬರೆದು ಎಂಟರ್ ಒತ್ತಿದೆ. ಒಂದು ಫೈಲು ಕಾಪಿ ಆಗಿದೆ ಎಂಬ ಎಂದಿನ ಸಾಲು ಪರದೆಯ ಮೇಲೆ ಬಂತು. ಪ್ರಿಂಟರ್ ಮಾತ್ರ ಮಿಸುಕಲಿಲ್ಲ.

ವೈರು ಸಡಿಲವಾಗಿರಬೇಕೆಂದು ಒತ್ತಿ ಕೂಡಿಸಿ ಮತ್ತೆ ಕಳಿಸಿದೆ. ಪರದೆ ಆಯಿತು ಎನ್ನುತ್ತದೆ, ಯಂತ್ರ ಸುಮ್ಮನಿದೆ. ರಿಬ್ಬನ್ ಹಾಕಿ, ಬಿಳಿ ಕಾಗದ ಏರಿಸಿ, ಬಾಗಳಿಯ ಹುಡುಗರ ನಾಟಕದ ಕರಪತ್ರದ ಫೈಲನ್ನು ಕಳಿಸಿದೆ. ಕಿರ್ರೆಂದು ಪಾತ್ರವರ್ಗವೆಲ್ಲ ಹೊರಗೆ ಬಂತು. ಅದೇ ಕಾಗದಕ್ಕೆ ಕೊಟ್ರೇಶನ ಕಾರ್ಡು ಕಳಿಸಿದೆ. ಸದ್ದಿಲ್ಲ. ಫೈಲು ಕೆಟ್ಟಿರಬಹುದೆಂದು ಮೊದಲಿನಿಂದ ಹೊಸದಾಗಿ ಟೈಪು ಮಾಡಿ, ಬೇರೆ ಹೆಸರು ಕೊಟ್ಟು ಕಳಿಸಿದೆ. ಅದೂ ಅಷ್ಟೇ. ನನಗೆ ಬೆವರು ಬರತೊಡಗಿತು. ಗಿರಾಕಿಯ ಮುಂದೆ ಮರ್ಯಾದೆ ಹೋಗುತ್ತದೆಂಬ ಬೆವರು ಅದು, ಬೇರೆ ಭಯ ಆಗ ಇರಲಿಲ್ಲ.

ಖಾಜಾಸಾಬನಿಗೆ ಹೇಳಿ ಕಳಿಸಿದೆ. ಹೊಲಿಗೆ ಯಂತ್ರದಿಂದ ಹಿಡಿದು ಟೈಪ್‌ರೈಟರಿನವರೆಗೆ ಊರಿನ ಎಲ್ಲ ಯಂತ್ರಗಳಿಗೂ ಅವನೇ ವೈದ್ಯ, ನನ್ನ ಬಾಲ್ಯದ ಗೆಳೆಯ. ಅವನು ಪ್ರಿಂಟರಿನ ಮುಚ್ಚಳ ತೆಗೆದು ಧೂಳು ಊದಿದ, ಪ್ರಿಂಟರಿನ ಪರೀಕ್ಷೆಯ ಅಚ್ಚು ತೆಗೆದ. ಸೊಗಸಾಗಿ ಬಂತು. "ಮಿಷನ್ ಕುದುರಿ ಇದ್ದಂಗ ಐತಿ ಮಾಸ್ತರ," ಎಂದ. ಕಾರ್ಡು ಕಳಿಸಿದರೆ ಮತ್ತೆ ಮೌನ. 

ಬಸಣ್ಣನ ತಾಳ್ಮೆ ಕೆಟ್ಟಿತು. "ಬಿಡ್ರಿ, ಕೊಟ್ಟೂರು ಪ್ರೆಸ್ಸಿಗೆ ಹೋಗ್ತೀವಿ," ಎಂದು ಎದ್ದರು. ಆಗ ಹಾಲಮ್ಮ ಮೊದಲ ಸಲ ಬಾಗಿಲ ಒಳಗೆ ಬಂದಳು. ಮಾತಾಡದ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಹೇಳಿದಳು.

"ಭಾವಾರ, ನಿಮ್ಮ ಕಾಲು ಹಿಡಕೊಂತೀನಿ. ಇನ್ನೊಂದು ಮಳಿಗಾಲ ನೋಡೂಣು. ಆಮ್ಯಾಲ ನೀವು ಹೇಳಿದಂಗ ಕೇಳ್ತೀನಿ, ಕೊಟ್ಟೂರಜ್ಜನ ಆಣಿ."

ಬಸಣ್ಣ ನಿಂತಲ್ಲೇ ನಿಂತರು. ಅಷ್ಟು ದೊಡ್ಡ ಆಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ತಮ್ಮ ಸತ್ತನೆಂದು ಒಪ್ಪಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. "ಆತವ್ವ, ನಡಿ," ಎಂದು ಅವಳನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದರು.

ನನ್ನ ಹಟ ಕೇಳಬೇಕಲ್ಲ. ಅವರು ಹೋದ ಮೇಲೆ ಅದೇ ಕಾರ್ಡಿನ ಒಂದು ನಕಲು ಮಾಡಿ, ಅದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆ. ಕೊಟ್ರೇಶನ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಎಂಟರ್ ಒತ್ತಿದೆ. ಪ್ರಿಂಟರ್ ಒಂದು ಕ್ಷಣವೂ ತಡಮಾಡಲಿಲ್ಲ. ನಾನು ಲಿಂಗೈಕ್ಯನಾದ ಸುದ್ದಿ ಕಿರ್ರೆಂದು ಅಚ್ಚಾಗಿ ಹೊರಬಂತು, ಆ ಸದ್ದು ಕೇಳಿ ಪಕ್ಕದಿಂದ ಎರಡು ಚಹಾ ಕೂಡ ಬಂತು.

"ಯಾ ಅಲ್ಲಾ! ಹುಚ್ಚು ಹಿಡದೈತೇನಲೇ ನಿನಗ?" ಎಂದು ಖಾಜಾಸಾಬ್ ಕಾಗದ ಕಿತ್ತುಕೊಂಡು ಚೂರು ಚೂರು ಮಾಡಿ ಗಟಾರಕ್ಕೆ ಎಸೆದ. ಆ ನಕಲನ್ನು ನಾನು ತಕ್ಷಣ ಅಳಿಸಿದೆ. ನಗಲು ನೋಡಿದೆ, ನಗು ಬರಲಿಲ್ಲ. ಬಂದ ಚಹಾ ಮುಟ್ಟದೆ ಬದಿಗಿಟ್ಟೆ. ಈಗ ಹುಟ್ಟಿದ್ದು ಮರ್ಯಾದೆಯ ಭಯವಾಗಿರಲಿಲ್ಲ. ಕೊಟ್ರೇಶನ ಫೈಲು ಮಾತ್ರ ಹಾಗೇ ಉಳಿಯಿತು. ಕೆಲಸ ಮುಗಿದ ಮೇಲೆ ತಾನೆ ಅಳಿಸುವುದು? ಅದು ಮುಗಿದೇ ಇರಲಿಲ್ಲ.

ಮುಂದಿನ ಮಳೆಗಾಲದವರೆಗೂ ಕಾಯಬೇಕಾಗಲಿಲ್ಲ. ಬೇಸಿಗೆಯ ಒಂದು ಬೆಳಿಗ್ಗೆ ಕೊಟ್ರೇಶ ಹೊಸಹಳ್ಳಿಯಲ್ಲಿ ಬಸ್ಸಿಳಿದ. ಹೊಳೆಯಲ್ಲಿ ದೂರ ತೇಲಿಹೋದವನನ್ನು ಯಾರೋ ಮೀನುಗಾರರು ಎತ್ತಿಕೊಂಡಿದ್ದರಂತೆ. ಕ್ಲೀನರ್ ಸತ್ತದ್ದು ತಿಳಿದು, ಅವನ ಮನೆಯವರಿಗೆ ಯಾವ ಮುಖ ತೋರಿಸಲಿ ಎಂದು ಹೆದರಿ, ಅಲ್ಲೇ ಒಂದು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾ ಉಳಿದುಬಿಟ್ಟಿದ್ದನಂತೆ, ಕೊನೆಗೆ ಮನೆಯ ಸೆಳೆತ ತಡೆಯಲಾಗದೆ ಹೊರಟು ಬಂದನಂತೆ. ಈ ಸುದ್ದಿ ತಂದವನು ಖಾಜಾಸಾಬ್. ಅಂಗಡಿಯಲ್ಲಿ ಜನವಿದ್ದರೂ ನಾನು ಅವನನ್ನು ತಬ್ಬಿಕೊಂಡೆ.

ಕೆಲವು ವಾರಗಳ ಮೇಲೆ ಕೊಟ್ರೇಶನೇ ಹೆಂಡತಿಯೊಂದಿಗೆ ಅಂಗಡಿಗೆ ಬಂದ. ಅಣ್ಣನ ಮಗಳ ಮದುವೆಯ ಕಾರ್ಡು ಮಾಡಿಸಬೇಕಿತ್ತು. ಅದು ಒಂದೇ ಸಲಕ್ಕೆ ಅಚ್ಚಾಯಿತು, ಕಾರ್ಡುಗಳ ಮೂಲೆಗೆ ಅರಿಶಿಣ ಹಚ್ಚಲು ಹಾಲಮ್ಮ ಅಲ್ಲೇ ಕುಳಿತಳು. ಕೊಟ್ರೇಶ ತಮಾಷೆಯ ಮನುಷ್ಯ. "ಮಾಸ್ತರ್ರ, ನಂದೂ ಒಂದು ಕಾರ್ಡು ಐತಂತಲ್ರಿ ನಿಮ್ಮತ್ರ? ತಗೀರಿ, ಕಟ್ಟು ಹಾಕಿಸಿ ಮನ್ಯಾಗ ಇಡ್ತೀನಿ," ಎಂದ.

ನನಗೂ ಕುತೂಹಲ. ಈಗ ಬರುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ಅಪ್ಪಣೆ ಬರೆದೆ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟಿದ್ದೆ, ಅಷ್ಟರಲ್ಲಿ ಬಳೆಗಳ ಸದ್ದಾಯಿತು. ಅರಿಶಿಣದ ಕೈ ಬಂದು ನನ್ನ ಬೆರಳನ್ನು ಪಕ್ಕಕ್ಕೆ ಸರಿಸಿತು. "ಬ್ಯಾಡ್ರಿ ಅಣ್ಣಾರ," ಎಂದಳು ಹಾಲಮ್ಮ. ಕೊಟ್ರೇಶ ನಗುವುದನ್ನು ನಿಲ್ಲಿಸಿದ.

ಮುಂದೆ ಹೊಸಪೇಟೆಯ ಒಬ್ಬ ಎಂಜಿನಿಯರಿಗೆ ಇದನ್ನೆಲ್ಲ ಹೇಳಿದೆ. ಫೈಲಿನೊಳಗೆ ಕಣ್ಣಿಗೆ ಕಾಣದ ಯಾವುದೋ ಅಕ್ಷರ ಸೇರಿ ಪ್ರಿಂಟರನ್ನು ತಡೆದಿರಬೇಕು ಎಂದರು. ಇರಬಹುದು. ಆದರೆ ಹೊಸದಾಗಿ ಟೈಪು ಮಾಡಿದಾಗಲೂ ಅದು ಎಲ್ಲಿಂದ ಬಂತು, ನನ್ನ ಹೆಸರು ಹಾಕಿದ ಕೂಡಲೇ ಎಲ್ಲಿಗೆ ಹೋಯಿತು ಎಂದು ಕೇಳಿದ್ದಕ್ಕೆ ಅವರು ಮಾತು ಬದಲಿಸಿದರು.

ಆ ಫ್ಲಾಪಿ ಇಂದಿಗೂ ನನ್ನ ಕಪಾಟಿನಲ್ಲಿದೆ. ಸಾವಿನ ಕಾರ್ಡು ಮನೆಯಲ್ಲಿಡಬಾರದೆಂದು ಎಷ್ಟೋ ಸಲ ಅಳಿಸಲು ಕೂತೆ. ಬದುಕಿ ಓಡಾಡುತ್ತಿರುವ ಮನುಷ್ಯನ ಹೆಸರನ್ನು ಅಳಿಸು ಎಂದು ಬರೆಯಲು ಬೆರಳು ಬರಲಿಲ್ಲ. ಅಚ್ಚು ಹಾಕಲು ಧೈರ್ಯವಿರಲಿಲ್ಲ. ಹೀಗೆ ಎರಡೂ ಆಗದೆ ವರ್ಷಗಳು ಕಳೆದು, ಈಗ ಅದನ್ನು ಓದುವ ಯಂತ್ರವೇ ನನ್ನಲ್ಲಿಲ್ಲ. ಖಾಜಾಸಾಬನೂ ಇಲ್ಲ. ಆ ಕಿರ್ರೆನ್ನುವ ಸದ್ದು ಕೇಳದೆ ಅಂಗಡಿ ನನಗೆ ಅಂಗಡಿ ಅನ್ನಿಸುವುದಿಲ್ಲ.

ಹಾಲಮ್ಮ ಕೂಡ್ಲಿಗಿಗೆ ಬಂದರೆ ಒಂದು ಗಳಿಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ತಲೆ ನೆರೆತಿದೆ, ಕೈಯಲ್ಲಿ ಹಸಿರು ಬಳೆಗಳಿವೆ. ನನ್ನ ಆರೋಗ್ಯ ವಿಚಾರಿಸುವುದಕ್ಕೂ ಮೊದಲು ಅವಳು ಕೇಳುವುದು ಒಂದೇ ಮಾತು.

"ಅದನ್ನ ಒತ್ತಿಲ್ಲ ಹೌದಲ್ರಿ ಅಣ್ಣಾರ?"

"ಒತ್ತಿಲ್ಲವ್ವ," ಎನ್ನುತ್ತೇನೆ. ಆಮೇಲೆ ಅವಳು ನಿಶ್ಚಿಂತೆಯಿಂದ ಬಸ್ಸಿನ ಕಡೆ ನಡೆಯುತ್ತಾಳೆ.