ಹಿಟ್ಟಿನ ಹೆಬ್ಬೆಟ್ಟುಗಳು

ಆ ಮುಂಜಾನೆ ಹಿಟ್ಟು ತೆಗೆಯಲು ಹೋದರೆ ಲೋಟ ಡಬ್ಬಿಯ ತಳಕ್ಕೆ ತಾಗಿ ಟಣ್ ಅಂದಿತು. ಇದ್ದಷ್ಟನ್ನು ಬಳಿದು ನಾದಿ ಆರು ರೊಟ್ಟಿ ಬಡಿದೆ. ನಾಲ್ಕು ನಮ್ಮ ಮನೆಯವರ ಬುತ್ತಿಗೆ, ಎರಡು ನನಗೆ. ಪುಂಡಿಪಲ್ಯ ಹಿಂದಿನ ದಿನದ್ದೇ ಇತ್ತು. ಅದಕ್ಕೆ ಎರಡನೇ ದಿನವೇ ರುಚಿ ಬರುವುದು. ನಮ್ಮ ಮನೆಯವರು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಹೊರಡುವ ಮುಂಚೆ ಸ್ಕೂಟರಿನ ಸೀಟು ಒರೆಸಿ, ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಕೆಳಗೇ ಇಡುವುದು ಅವರ ಪದ್ಧತಿ. ಅವತ್ತು ಅಷ್ಟು ಮುಗಿಸಿ, ಕಿಟಕಿಯ ಕಟ್ಟೆಯ ಮೇಲಿದ್ದ ನನ್ನ ಪತ್ರಿಕೆಯನ್ನು ಅಂಗೈಯಲ್ಲಿ ತೂಗಿ ನೋಡಿದರು.

“ಈ ತಿಂಗಳದ್ದೇನು ಇದು?”

“ಹೌದ್ರಿ. ಇವತ್ತ ಹಾಕ್ಬೇಕು.”

“ಪಂಚಾಂಗ ಆದಂಗ ಆಗೇದಲ್ಲ,” ಅಂದು ಅಲ್ಲೇ ಇಟ್ಟು ಹೊರಟರು.

ನಾನು ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡತೊಡಗಿದೆ. ಎದುರು ಮನೆಯ ಭಾಬಿಯೂ ತಮ್ಮ ಕಟ್ಟೆಯ ಮೇಲೆ ಮೊರ ಹಿಡಿದೇ ಕುಳಿತಿದ್ದರು. ಅವರ ಮನೆಯವರಿಗೆ ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ. ಭಾಬಿಗೆ ದಖನಿಯಲ್ಲಿ ಮಕ್ಕಳನ್ನು ಬೈದು, ಅದೇ ಉಸಿರಿನಲ್ಲಿ ನನ್ನ ಜೊತೆ ಕನ್ನಡ ಮಾತಾಡಲು ಬರುತ್ತದೆ. “ನೀವು ಈಗ ಹೋಗ್ರಿ ಅಕ್ಕಾ, ನಾ ಸಂಜಿಗಿ ಹೋಗ್ತೀನಿ. ಮುಂಜಾನಿ ಆ ಗಿರಣ್ಯಾಗ ಬರೇ ಜಗಳ,” ಅಂದರು.

ಪತ್ರಿಕೆ ಅಂದೆನಲ್ಲ, ಅದೇನೆಂದು ಹೇಳಬೇಕು. ನಾನು, ಮಾನ್ವಿಯಲ್ಲಿರುವ ನನ್ನ ಅಕ್ಕ, ದೇವದುರ್ಗದಲ್ಲಿರುವ ನನ್ನ ನಾದಿನಿ, ಮೂವರೂ ಸೇರಿ ತಿಂಗಳಿಗೊಂದು ಚಿತ್ರಕಥೆಯ ಪತ್ರಿಕೆ ತರುತ್ತೇವೆ. ತರುತ್ತೇವೆ ಅಂದರೆ ಒಂದೇ ಒಂದು ಪ್ರತಿ. ರಾಯಚೂರಿನ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ, ಹೆಂಗಸರು ಕೂಡುವ ಬೆಂಚಿನ ಮೇಲೆ ಗೋಡೆಗೊಂದು ಮೊಳೆ ಇದೆ. ಆ ಮೊಳೆಗೆ ದಾರ ಕಟ್ಟಿ ನೇತುಹಾಕಿದರೆ ಪ್ರಕಟವಾದ ಹಾಗೆ. ಹೆಸರು ‘ಪಾಳಿ’.

ಗಿರಣಿಯಲ್ಲಿ ಸಾಲು ನಿಲ್ಲುವುದು ಡಬ್ಬಿಗಳು. ಹೆಂಗಸರು ಬೆಂಚಿನ ಮೇಲೆ ಕೂಡುತ್ತಾರೆ. ಒಮ್ಮೆ ಹಾಗೆ ಕುಳಿತಿದ್ದಾಗ ಡಬ್ಬಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿವೆ ಅನಿಸಿತು. ಗೋಧಿ ಹೊತ್ತು ಬಂದ ಹೊಸ ಸ್ಟೀಲ್ ಡಬ್ಬಿ ಯಾರಿಗೂ ಮೈ ತಾಗಿಸದೆ ನಿಂತಿತ್ತು. ಜೋಳದ ತಗಡಿನ ಡಬ್ಬಿ ತನ್ನ ನೆಗ್ಗಿದ ಹೊಟ್ಟೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡಿತ್ತು. ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್, ಕರೆಯದ ಮದುವೆಗೆ ಬಂದಂತೆ. ಮನೆಗೆ ಬಂದು ಇದನ್ನು ಫೋನಿನಲ್ಲಿ ನಾದಿನಿಗೆ ಹೇಳಿದೆ. ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ರಂಗೋಲಿ ಹಾಕಿ ಹಾಕಿ ಪಳಗಿದ ಕೈ, ಗೆರೆ ಎಳೆಯಲು ಶುರು ಮಾಡಿದರೆ ಪೆನ್ನು ಎತ್ತುವುದಿಲ್ಲ. ಮಕ್ಕಳು ಮಲಗಿದ ಹೊತ್ತಿನಲ್ಲಿ ಹಳೆಯ ಮದುವೆ ಕಾರ್ಡುಗಳ ಒಳಮೈಯ ಮೇಲೆ ಆ ಡಬ್ಬಿಗಳನ್ನು ಬರೆದು, ರಾಯಚೂರಿನ ಬಸ್ಸಿನ ಕಂಡಕ್ಟರರ ಕೈಯಲ್ಲಿ ಲಕೋಟೆ ಕಳಿಸಿದಳು. ಬಣ್ಣದ ಕಾರ್ಡು, ಚೂರು ಚಿನ್ನದ ಅಂಚು. ಡಬ್ಬಿಗಳಿಗೂ ಒಂದು ಕಳೆ ಬಂದಿತ್ತು.

ಮೊದಲ ಸಂಚಿಕೆ ಎಂಟು ಪುಟ. ತಿಂಗಳು ಮುಗಿದು ಇಳಿಸಿಕೊಂಡು ಬಂದಾಗ ಅದರ ತುಂಬ ಹಿಟ್ಟಿನ ಹೆಬ್ಬೆಟ್ಟು. ಗಿರಣಿಗೆ ಬಂದವರ ಕೈ ಬರಿದಾಗಿರುವುದಿಲ್ಲವಲ್ಲ. ಯಾವ ಪುಟವನ್ನು ಎಷ್ಟು ಜನ ಹಿಡಿದರು, ಎಲ್ಲಿ ನಕ್ಕು ಬೆರಳು ಅಲ್ಲಾಡಿತು, ಎಲ್ಲಿ ಪಕ್ಕದವಳಿಗೆ ತೋರಿಸಲು ಒತ್ತಿ ಹಿಡಿದರು, ಎಲ್ಲ ಬಿಳಿಯಾಗಿ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಅದನ್ನು ನಾನು ಒರೆಸಲಿಲ್ಲ. ಬೇರೆ ಸಂಪಾದಕರಿಗೆ ಓದುಗರ ಪತ್ರ ಬರುತ್ತವೆ. ನನಗೆ ಹಿಟ್ಟು ಬಂದಿತ್ತು.

ಆಮೇಲೆ ನಮಗೆ ಉಮೇದು ಹೆಚ್ಚಾಯಿತು. ಅಕ್ಕ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ಕಥೆ ಅಂದ ಮೇಲೆ ನೀತಿ ಬೇಕೆಂದು ಪ್ರತಿ ಕಥೆಗೂ ಒಂದು ನೀತಿಯ ಚೌಕ ಸೇರಿಸಿದಳು. ಬಳಿಕ ಸಾಮಾನ್ಯ ಜ್ಞಾನದ ಪ್ರಶ್ನೆಗಳು, ಬಳಿಕ ಮಹಾನ್ ವ್ಯಕ್ತಿಗಳ ಬಾಲ್ಯ. ನಾದಿನಿ ಪ್ರತಿ ಸಲ ಕೃಷ್ಣಾ ನದಿಯ ಸೂರ್ಯಾಸ್ತವನ್ನು ಮೂರು ಪುಟಕ್ಕೆ ಬರೆಯತೊಡಗಿದಳು. ನಾನು ಅವರಿಬ್ಬರಿಗಿಂತ ಕಡಿಮೆ ಇರಬಾರದೆಂದು ‘ಸಂಪಾದಕಿಯ ಮಾತು’ ಅಂತ ಎರಡು ಪುಟ ಶುರು ಮಾಡಿದೆ. ಓದುವ ಹವ್ಯಾಸದ ಪ್ರಯೋಜನಗಳನ್ನು ಓದುತ್ತಾ ಕುಳಿತವರಿಗೇ ವಿವರಿಸುವುದು ಅದರ ವಿಷಯ. ಎಂಟು ಪುಟ ಇಪ್ಪತ್ತೆಂಟಾಯಿತು.

ಹತ್ತು ಗಂಟೆಗೆ ಜೋಳದ ಡಬ್ಬಿ ಎತ್ತಿಕೊಂಡು ಗಿರಣಿಗೆ ಹೋದೆ. ಗಿರಣಿ ನಡೆಸುವಾಕೆ ನನಗಿಂತ ಚಿಕ್ಕವಳು. ಕಣ್ಣ ರೆಪ್ಪೆಯ ಮೇಲೂ ಹಿಟ್ಟು. ಮಷೀನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಮಷೀನು ನಿಂತಾಗಲೂ ಕೂಗಿಯೇ ಮಾತಾಡುತ್ತಾಳೆ. ಹಳೆಯ ಸಂಚಿಕೆ ಇಳಿಸಿಕೊಳ್ಳಲು ಕೈ ಎತ್ತಿದ್ದೆ. ಅವಳು ಹತ್ತಿರ ಬಂದಳು.

“ಯಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಮೊಳಿಗಿ ಕ್ಯಾಲೆಂಡರ್ ಹಾಕೋಣು ಅಂತ ಮಾಡೀನಿ.”

“ಯಾಕವ್ವಾ, ಏನಾತು?”

“ಮೊದ್ಲ ಇದನ್ನ ಓದ್ಕೋತ ಸುಮ್ನ ಕುಂದ್ರತಿದ್ರು. ನನಗ ಕಿರಿಕಿರಿ ಇರ್ತಿದ್ದಿಲ್ಲ. ಈಗ ತೆಗದು ನಾಕು ಹಾಳಿ ತಿರುವ್ತಾರ, ಬಿಡ್ತಾರ, ಬಂದು ನನ್ನ ಕೂಡ ನಿಂದ್ರತಾರ. ಆಕಿ ಡಬ್ಬಿ ಮುಂದ ಬಂತು, ಈಕಿದು ಹಿಂದ ಹೋತು. ಮುಂಜಾನಿ ಎದ್ದ್ರ ಇದ.” ಮೊಳೆಯತ್ತ ಕೈ ತೋರಿಸಿ, “ಕ್ಯಾಲೆಂಡರ್ ಇದ್ರ ಹಬ್ಬಾ ಹುಣ್ಣಿವಿ ನೋಡ್ಕೋತರ ಕುಂದ್ರತಾರ,” ಅಂದಳು.

“ಇದೊಂದು ತಿಂಗಳ ಹಾಕ್ಲಿ? ಹೊಸಾದು ಮಧ್ಯಾಹ್ನ ತರ್ತೀನಿ.”

ಅವಳು ನನ್ನ ಮುಖ ನೋಡಿದಳು. “ತರ್ರಿ. ಇವತ್ತೊಂದು ಸಂಜಿ ನೋಡೋಣು. ಜಗಳ ಆದ್ರ ನಾಳಿ ಕ್ಯಾಲೆಂಡರ್.”

ಡಬ್ಬಿಯನ್ನು ಸಾಲಿನಲ್ಲೇ ಬಿಟ್ಟು, ಹಳೆಯ ಸಂಚಿಕೆಯನ್ನು ಮನೆಗೆ ತಂದು ಬೆಳಕಿಗೆ ಹಿಡಿದೆ. ಡಬ್ಬಿಗಳ ಪುಟಗಳು ಹಿಟ್ಟು ಹಿಡಿದು ರಟ್ಟಿನಂತೆ ಗಟ್ಟಿಯಾಗಿದ್ದವು. ಸೂರ್ಯಾಸ್ತ ನಿರ್ಮಲವಾಗಿತ್ತು. ಮಹಾನ್ ವ್ಯಕ್ತಿಯ ಬಾಲ್ಯವನ್ನು ಯಾರೂ ಮುಟ್ಟಿರಲಿಲ್ಲ. ಸಂಪಾದಕಿಯ ಮಾತಿನ ಮೇಲೆ ಮಾತ್ರ ಒಂದು ಗುರುತು: ಕೆಳಗಿನ ಕಾಲು ಭಾಗವನ್ನು ಯಾರೋ ನೀಟಾಗಿ ಹರಿದುಕೊಂಡಿದ್ದರು. ಡಬ್ಬಿಯ ಸಡಿಲ ಮುಚ್ಚಳಕ್ಕೆ ಒತ್ತು ಕೊಡಲು ಇರಬೇಕು.

ಆಗ ನನಗೆ ನೆನಪಾದದ್ದು ನಮ್ಮ ಕಾನ್ವೆಂಟ್ ಶಾಲೆಯ ಸಿಸ್ಟರ್. ಆ ದಿನಗಳಲ್ಲಿ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಗೆ ತಿಂಗಳಿಗೊಮ್ಮೆ ಒಂದು ಚಿತ್ರಕಥೆಯ ಪತ್ರಿಕೆ ಬರುತ್ತಿತ್ತು. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಓಣಿ, ಅದೇ ಐದಾರು ಜನ, ಅವರವರ ಸಣ್ಣ ಪೇಚಾಟಗಳು. ನಾನು ಅದನ್ನು ಡೆಸ್ಕಿನೊಳಗಿಟ್ಟು ಓದುತ್ತಿದ್ದೆ, ಸಿಸ್ಟರ್ ಹಿಂದಿನಿಂದ ಬಂದು ಜಪ್ತಿ ಮಾಡುತ್ತಿದ್ದರು. ಶನಿವಾರ ಹಿಂದಿರುಗಿಸುವಾಗ ಪುಟಗಳ ನಡುವೆ ಅವರ ಕಾಫಿಯ ವಾಸನೆ ಇರುತ್ತಿತ್ತು. ಬರಬರುತ್ತಾ ಆ ಪತ್ರಿಕೆಯಲ್ಲಿ ಪದಬಂಧ ಬಂತು, ಕಾಗದದ ಹೂ ಮಾಡುವ ವಿಧಾನ ಬಂತು, ಓಣಿಯ ಜನ ಮೂಲೆಗೆ ಸರಿದರು. ಒಂದು ದಿನ ಸಿಸ್ಟರ್ ನನ್ನ ಡೆಸ್ಕಿನ ಪಕ್ಕ ನಿಂತರು, ನೋಡಿದರು, ಹಾಗೇ ಮುಂದೆ ಹೋದರು. ಜಪ್ತಿ ಮಾಡುವಷ್ಟೂ ಅದು ಉಳಿದಿರಲಿಲ್ಲ. ಮುಂದಿನ ತಿಂಗಳಿಂದ ನಾನೂ ಅದನ್ನು ತರಿಸಲಿಲ್ಲ.

ಹೊಸ ಸಂಚಿಕೆಯನ್ನು ನೆಲದ ಮೇಲೆ ಇಟ್ಟು ಪಿನ್ನು ಬಿಚ್ಚಿದೆ. ನಮ್ಮ ಪತ್ರಿಕೆ ಓದುವವಳು ಯಾರು ಎಂದು ಒಮ್ಮೆ ಕಣ್ಣ ಮುಂದೆ ತಂದುಕೊಂಡೆ. ಒಂದು ತೊಡೆಯ ಮೇಲೆ ಕೂಸು, ಒಂದು ಕೈ ಮಾತ್ರ ಖಾಲಿ, ಒಂದು ಕಣ್ಣು ತನ್ನ ಡಬ್ಬಿಯ ಮೇಲೆ. ಅವಳಿಗಿರುವುದು ಎರಡು ಡಬ್ಬಿ ಬೀಸುವಷ್ಟು ಹೊತ್ತು. ಅಷ್ಟರಲ್ಲಿ ಒಂದು ಕಥೆ ಶುರುವಾಗಿ ಅವಳನ್ನು ಹಿಡಿದು ಕೂರಿಸಬೇಕು. ನಾವೋ, ಆ ತಿಂಗಳ ಡಬ್ಬಿ ಕಥೆಯನ್ನು ತುಂಡು ಮಾಡಿ ನಾಲ್ಕು ಕಡೆ ಹಂಚಿದ್ದೆವು. ಮೂರನೇ ಪುಟದ ಕೆಳಗೆ ‘ಹದಿನಾರನೇ ಪುಟಕ್ಕೆ’ ಅಂತ ನನ್ನದೇ ಅಕ್ಷರ. ಒಂದೇ ಕೈಯಲ್ಲಿ ಹದಿನಾರನೇ ಪುಟ ಹುಡುಕು ಅಂತ ಆ ತಾಯಿಗೆ ಹೇಳಲು ನನಗೇನು ಹಕ್ಕು?

ಒಂದು ನಿಯಮ ಮಾಡಿಕೊಂಡೆ: ಗಿರಣಿಯ ಸಾಲಿನಲ್ಲಿ ನಿಂತ ಡಬ್ಬಿಗೆ ಗೊತ್ತಿರಲಾರದ್ದು ಯಾವುದೂ ‘ಪಾಳಿ’ಯಲ್ಲಿ ಬೇಡ. ಸೂರ್ಯಾಸ್ತ ಹೋಯಿತು. ಪ್ರಶ್ನೆಗಳು ಹೋದವು. ಮಹಾನ್ ವ್ಯಕ್ತಿಗೆ ಮನಸ್ಸಿನಲ್ಲೇ ಕೈಮುಗಿದು ತೆಗೆದೆ. ನನ್ನ ಎರಡು ಪುಟ ತೆಗೆಯುವಾಗ ಮಾತ್ರ ಕತ್ತರಿ ಸ್ವಲ್ಪ ಹೊತ್ತು ನಿಂತಿತು. ಅದರಲ್ಲಿ ಒಂದು ವಾಕ್ಯ ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಅದೂ ಹೋಯಿತು.

ಉಳಿದದ್ದು ಎಂಟು ಪುಟದ ಡಬ್ಬಿ ಕಥೆ. ಖಾರದ ಡಬ್ಬಿ ನಸುಕಿನಲ್ಲೇ ಬಂದು ಎಲ್ಲರಿಗಿಂತ ಮುಂದೆ ನಿಂತಿದೆ. ಮೆಣಸಿನಕಾಯಿ ಬೀಸಿದ ಮೇಲೆ ತಮ್ಮ ಹಿಟ್ಟಿನಲ್ಲಿ ಖಾರ ಬರುತ್ತದೆಂದು ಮಿಕ್ಕ ಡಬ್ಬಿಗಳೆಲ್ಲ ಅದನ್ನು ಹಿಂದೆ ಹೋಗು ಅನ್ನುತ್ತಿವೆ. ನಾದಿನಿಯ ಚಿತ್ರ ಸೊಗಸಾಗಿತ್ತು. ಆದರೆ ಮಾತು ಬರೆದವಳು ಅಕ್ಕ. ಅವಳ ಖಾರದ ಡಬ್ಬಿ, “ಸ್ನೇಹಿತರೇ, ನಾವೆಲ್ಲರೂ ಸಹಬಾಳ್ವೆಯಿಂದ ಇರೋಣ,” ಅನ್ನುತ್ತಿತ್ತು. ಕೊನೆಯ ಚೌಕದಲ್ಲಿ ಎಲ್ಲ ಡಬ್ಬಿಗಳೂ ಕೈಮುಗಿದು ತಾಳ್ಮೆಯ ಮಹತ್ವ ಹೇಳುತ್ತಿದ್ದವು. ಡಬ್ಬಿಗೆ ಕೈ ಎಲ್ಲಿಂದ ಬಂದವೋ.

ಮಾನ್ವಿಗೆ ಫೋನು ಹಚ್ಚಿದೆ. ಚಿಕ್ಕಂದಿನಿಂದ ಅಕ್ಕನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಊಟ ಆತೇನು, ಬಿಸಿಲು ಹೆಂಗದ, ಎಲ್ಲ ಕೇಳಿ ಮುಗಿಸಿ ಹೇಳಿದೆ.

“ಅಕ್ಕಾ, ಈ ಸಲ ಬರೇ ಡಬ್ಬಿ ಕತಿ ಇಡ್ತೀನಿ. ಉಳಿದದ್ದು ತಗದೀನಿ.”

“ಯಾವ ಉಳಿದದ್ದು?”

“ಪ್ರಶ್ನಿ. ಬಾಲ್ಯ. ಮತ್ತ… ನೀತಿ.”

ಅಕ್ಕ ಶುರು ಹಚ್ಚಿಕೊಂಡಳು.

“ಮೊದಲ್ನೇ ತಿಂಗಳಿಂದ ಕುಂತಾಕಿ ನಾನು. ಬೆಳಗ್ಗೆದ್ದು ಬರದು ಬಸ್ಸಿಗಿ ಕೊಟ್ಟು ಬರಾಕಿ ನಾನು. ಈಗ ಬಂದವರೆಲ್ಲಾ ನೀ ಹಿಂದಕ್ಕ ಸರಿ ಅಂತೀರಿ. ಯಾಕ, ನನಗ ಪಾಳಿ ಇಲ್ಲೇನು? ನಾ ಏನ್ ಪುಕ್ಕಟ ನಿಂತೀನೇನು ಇಲ್ಲಿ? ನಾ ಇದ್ರ ನಿಮ್ಮ ರುಚಿ ಕೆಡ್ತದ, ಹೌದಿಲ್ಲೋ? ನಾ ಇಲ್ಲದ ಒಂದು ದಿನಾ ಉಂಡು ನೋಡ್ರಿ, ಗೊತ್ತಾಗ್ತದ.”

ನಾನು ಹೂಂ ಅನ್ನುತ್ತಿದ್ದೆ, ಕೈ ಬರೆಯುತ್ತಿತ್ತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ನಾನೂ ಸಾಲು ಮುಗಿಸಿ, “ಅಕ್ಕಾ, ಸಿಟ್ಟಿಗೇಳಬ್ಯಾಡ. ನೀ ಅಂದದ್ದೆಲ್ಲಾ ಖಾರದ ಡಬ್ಬಿ ಬಾಯಾಗ ಬರಕೊಂಡೀನಿ,” ಅಂದೆ.

“ಏನು ಮಾಡಿದಿ?”

“ಓದ್ಲೇನು?”

ಓದಿದೆ. ನಡುವೆ ಎಲ್ಲೂ ನಿಲ್ಲದೆ, ಹೆದರಿಕೊಂಡೇ ಓದಿದೆ.

“ನಿನ್ನ ಆ ಎರಡು ಹಾಳಿ?” ಅಂದಳು. “ಸಂಪಾದಕಿಯ ಮಾತು?”

“ತಗದೀನಿ.”

“ಪೂರಾ?”

“ಪೂರಾ.”

“ಛಲೋ ಆತು. ಭಾಳ ಬ್ಯಾಸರ ಇರ್ತಿತ್ತು ಅದು.” ಆಮೇಲೆ ತರಗತಿಯಲ್ಲಿ ಉಕ್ತಲೇಖನ ಹೇಳುವ ದನಿಯಲ್ಲಿ, “ಇನ್ನೊಂದು ಬರಕೋ. ಗೋಧಿ ಡಬ್ಬಿಗಿ ಹೇಳ್ತದ: ನೀ ಏನ್ ಸೋಸಿಕೊಂಡು ಬಂದಿ? ಮೊದ್ಲ ನಿನ್ನ ಹೊಟ್ಟ್ಯಾಗಿನ ಕಲ್ಲು ಆರಿಸ್ಕೋ ಹೋಗು.”

ಇಷ್ಟು ವರ್ಷ ಅಕ್ಕನ ಕೈಗೆ ನೀತಿ ಕೊಟ್ಟು ಎಂಥ ಬೈಗುಳ ಹಾಳು ಮಾಡಿದ್ದೆವು ಅನಿಸಿತು. ಅವಳ ಹಳೆಯ ಮಾತುಗಳ ಮೇಲೆ ಬಿಳಿ ಕಾಗದದ ಚೂರು ಅಂಟಿಸಿ ಹೊಸವನ್ನು ಬರೆದೆ. ಕೈಮುಗಿದ ಚೌಕ ಕತ್ತರಿಸಿದೆ. ಈಗ ಕಥೆ ಗಿರಣಿಯಾಕೆ ಖಾರದ ಡಬ್ಬಿಯ ಹಿಡಿಕೆಗೆ ಕೈ ಹಾಕಿದಲ್ಲಿಗೆ ನಿಲ್ಲುತ್ತಿತ್ತು. ಎತ್ತಿ ಮುಂದೆ ಇಡುತ್ತಾಳೋ ಹಿಂದೆ ಇಡುತ್ತಾಳೋ, ಚಿತ್ರದಲ್ಲಿ ಗೊತ್ತಾಗುತ್ತಿರಲಿಲ್ಲ. ನಾದಿನಿಗೆ ಫೋಟೊ ಕಳಿಸಿದೆ. ಸೂರ್ಯಾಸ್ತದ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. “ವೈನಿ, ಖಾರದ ಡಬ್ಬಿ ಮುಚ್ಚಳ ಇನ್ನೊಂಚೂರು ಓರೆ ಮಾಡ್ರಿ, ಸಿಟ್ಟು ಕಾಣ್ತದ,” ಅಂದಳು. ಮಾಡಿದೆ.

ಮೂರು ಗಂಟೆಗೆ ಹೋಗಿ ಮೊಳೆಗೆ ಹಾಕಿದೆ. ಗಿರಣಿಯಾಕೆ ದಪ್ಪವನ್ನು ಬೆರಳಲ್ಲಿ ಒತ್ತಿ ನೋಡಿ, “ಇಷ್ಟ ಏನು?” ಅಂದಳು. ಹೌದು ಅಂದೆ. ಆಗಷ್ಟೇ ಬೀಸಿದ್ದ ನನ್ನ ಹಿಟ್ಟು ಇನ್ನೂ ಬಿಸಿಯಾಗಿತ್ತು. ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ನಾಲ್ಕೂವರೆಗೆ ಭಾಬಿ ಜೋಳದ ಡಬ್ಬಿ ಹೊತ್ತು ಗಿರಣಿಯ ಕಡೆ ಹೋಗುವುದು ಕಂಡಿತು. ಐದೂವರೆ ಆಯಿತು, ಅವರು ಬರಲಿಲ್ಲ. ಜಗಳವೇ ಶುರುವಾಗಿರಬೇಕು, ನಾಳೆ ಆ ಮೊಳೆಗೆ ಕ್ಯಾಲೆಂಡರ್ ಬರುತ್ತದೆ ಅಂದುಕೊಂಡೆ. ಅಕ್ಕನಿಗೆ ಹೇಗೆ ಹೇಳುವುದೆಂದು ಮೊದಲ ವಾಕ್ಯವನ್ನೂ ಜೋಡಿಸಿಕೊಂಡೆ.

ಆರು ದಾಟಿದ ಮೇಲೆ ಭಾಬಿ ಓಣಿಯ ತಿರುವಿನಲ್ಲಿ ಕಂಡರು. ಡಬ್ಬಿ ಜೊತೆಗಿರಲಿಲ್ಲ. ನಾನು ಬಾಗಿಲಿಗೆ ಬಂದು ನಿಂತೆ.

“ಯಾಕ ಭಾಬಿ, ಬೀಸಿಲ್ಲೇನು?”

“ಎಲ್ಲಿ ಬೀಸ್ತಾರ ಅಕ್ಕಾ. ನನ್ನ ಪಾಳಿ ಬಂತಂತ, ಆಕಿ ಮೂರು ಸಲ ಕರದಾಳಂತ, ಆ ಖಾರದ ಡಬ್ಬಿ ಕತಿ ಓದ್ಕೋತ ನನಗ ಕೇಳಿಸೇ ಇಲ್ಲ. ಹಿಂದಿನವರೆಲ್ಲಾ ಬೀಸಿಸ್ಕೊಂಡು ಹೋದ್ರು.” ಸೆರಗಿನಿಂದ ಮುಖ ಒರೆಸಿಕೊಂಡು ತಮ್ಮ ಬಾಗಿಲ ಚಿಲಕ ತೆಗೆದರು, ಒಳಗೆ ಹೋಗುತ್ತಾ ಹಿಂತಿರುಗಿ ನೋಡದೆ ಹೇಳಿದರು, “ಇವತ್ತ ನಮ್ಮನ್ಯಾಗ ರೊಟ್ಟಿ ಇಲ್ಲ, ಅನ್ನನ. ನಮ್ಮನಿಯವರು ಕೇಳಿದ್ರ ಗಿರಣ್ಯಾಗ ಕರೆಂಟ್ ಹೋಗಿತ್ತಂತ ಹೇಳ್ತೀನಿ, ನೀವೂ ಹಂಗ ಹೇಳ್ರಿ.”