ಹೈದ ಎಂಬ ಪದದ ಬೇರು

ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಪದಗಳ ವಿಷಯ ಬಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಿವೃತ್ತನಾಗಿ ಬಣಕಲ್ ಹತ್ತಿರದ ನಮ್ಮ ಎಸ್ಟೇಟಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ.

ತೋಟದ ಕೆಲಸದವರಲ್ಲಿ ಒಬ್ಬರು ನನಗಿಂತ ಏಳೆಂಟು ವರ್ಷ ದೊಡ್ಡವರು. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಕೆಲಸಕ್ಕೆ ಬಂದಾಗ ನಮ್ಮಜ್ಜ ಅವರನ್ನು ‘ಹೈದ’ ಎಂದು ಕರೆದಿದ್ದರು. ತಲೆ ನರೆತು ಮೊಮ್ಮಕ್ಕಳಾದರೂ ನಮ್ಮ ಮನೆಯವರ ಬಾಯಲ್ಲಿ ಅವರು ಹೈದನೇ.

ಒಂದು ಬೆಳಿಗ್ಗೆ ಅವರು ಕಾಫಿ ಕಣದ ಬಳಿ ಬಂದು ನಿಂತರು.

“ಅಯ್ಯಾ, ನಾಳೆ ಮೊಮ್ಮಗಳನ್ನ ನೋಡಕ್ಕೆ ಗಂಡಿನ ಕಡೆಯವ್ರು ಬರ್ತಾರೆ. ಅವ್ರ ಮುಂದೆ ನನ್ನ ಹೈದ ಅನ್ಬೇಡಿ.”

ನಾನು ನಕ್ಕೆ. “ಅದೆಂಥಾ ಮುದ್ದಾದ ಪದ ಗೊತ್ತೇನೋ ಮಾರಾಯ! ಹಳಗನ್ನಡದ ಪಾಲು ಹಾಲಾಯ್ತು, ಪಸುಳೆ ಹಸುಳೆ ಆಯ್ತು. ಹೈದನೂ ಅದೇ ಬಳ್ಳಿಯವ್ನು, ತಮಿಳಿನ ಪಯ್ಯನಿಗೆ ದಾಯಾದಿ. ಬೇರಲ್ಲಿ ಇರೋದು ಹಸಿರು, ಎಳೆತನ. ಬೇಜಾರು ಮಾಡ್ಕೊಳ್ಳೋದು ಏನಿದೆ ಅದ್ರಲ್ಲಿ?”

ಅವರು ಕಣದಾಚೆ ಉರುಳಿದ್ದ ಹಣ್ಣೊಂದನ್ನು ಹೆಕ್ಕಿ ಒಳಗೆ ಹಾಕಿದರು. “ಇರ್ಬೋದು ಅಯ್ಯಾ. ನಾಳೆ ಒಂದಿನ ಅನ್ಬೇಡಿ, ಅಷ್ಟೆ” ಎಂದರು. ಆಗಲಿ ಎಂದು ಮಾತು ಕೊಟ್ಟೆ. ಪಾಠ ಚೆನ್ನಾಗಿ ಆಯಿತೆಂದು ಒಳಗೊಳಗೇ ಬೀಗಿದೆ ಕೂಡ.

ಮರುದಿನ ಗೇಟಿನ ಮುಂದೆ ಜೀಪೊಂದು ನಿಂತಿತು. ಹೋಂಸ್ಟೇ ಹುಡುಕುತ್ತಾ ದಾರಿ ತಪ್ಪಿ ಬರುವ ಜೀಪುಗಳು ನಮ್ಮಲ್ಲಿ ದಿನಾ ಇದ್ದದ್ದೇ. ಮುಂದೆ ಕೂತಿದ್ದ ಯಜಮಾನರು ಒಂದು ಹೆಸರು ಹೇಳಿ, “ಅವ್ರ ಮನೆ ಇಲ್ಲೇ ಅಲ್ವಾ?” ಎಂದರು. ನಾನು ಯೋಚಿಸಲೂ ಇಲ್ಲ.

“ಆ ಹೆಸ್ರಿನವ್ರು ಈ ತೋಟದಲ್ಲಿ ಯಾರೂ ಇಲ್ಲ. ಬಣಕಲ್ ಪೇಟೇಲಿ ವಿಚಾರಿಸಿ.”

ಜೀಪು ತಿರುಗಿ ಹೋಯಿತು.

ಹನ್ನೆರಡು ಗಂಟೆಯ ಹೊತ್ತಿಗೆ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದಾರಿ ನೋಡುತ್ತಾ ಗೇಟಿಗೆ ಬಂದಾಗ ನನಗೆ ಹೊಳೆಯಿತು. ಹೈದನ ಬೇರು ಬಗೆದು ತೋರಿಸಿದವನಿಗೆ ಎದುರು ನಿಂತ ಮನುಷ್ಯನ ಹೆಸರೇ ಗೊತ್ತಿರಲಿಲ್ಲ! ನಾಚಿಕೆಯಿಂದ ಕುಗ್ಗಿಹೋದೆ. ನಡೆದದ್ದನ್ನು ಹೇಳಿದೆ. ಅವರು ಕೂಡಲೇ ಬೀಗರಾಗುವವರಿಗೆ ಫೋನು ಮಾಡಿದರು.

ಜೀಪು ಮರಳಿ ಬಂತು. ಯಜಮಾನರು ಇಳಿದವರೇ ನನ್ನನ್ನು ದುರುಗುಟ್ಟಿ ನೋಡಿ, “ಅಂಥವ್ರು ಯಾರೂ ಇಲ್ಲ ಅಂದಿದ್ದು ಇವ್ರೇ” ಎಂದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮ ತೋಟದ ಹಿರಿಯರು ಮುಂದೆ ಬಂದು ಕೈಮುಗಿದರು.

“ತಪ್ಪು ಅಯ್ಯಂದಲ್ಲ, ನಂದೇ. ಇಲ್ಲಿ ಹೈದ ಅಂತ ಕೇಳಿ ಅಂತ ನಿಮ್ಗೆ ಮೊದ್ಲೇ ಹೇಳ್ಬೇಕಿತ್ತು.”