ಬ್ಯಾಟರಿಗೆ ಪಥ್ಯ ಹೇಳುವ ಶಫಿ

ಕಲಬುರಗಿಯ ಗಾಜಿಪುರದಲ್ಲಿರುವ ಶಫಿಯ ಅಂಗಡಿ ಎಷ್ಟು ಚಿಕ್ಕದೆಂದರೆ, ಗಿರಾಕಿ ಒಳಗೆ ಬಂದರೆ ಶಫಿ ಹೊರಗೆ ಬರಬೇಕು. ಮೊಬೈಲು, ಟಾರ್ಚು, ಗಡ್ಡದ ಟ್ರಿಮ್ಮರು, ಏನೇ ತಂದುಕೊಡಿ, ಅವನು ಮೊದಲು ಅದರ ಬೆನ್ನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುವ ಹಕೀಮನ ಹಾಗೆ ಕಣ್ಣು ಮುಚ್ಚುತ್ತಾನೆ. ಆಮೇಲೆ ಬಯ್ಗುಳ.

"ರಾತ್ರಿ ಎಲ್ಲಾ ಚಾರ್ಜಿಗೆ ಹಾಕಿ ದಿಂಬಿನ ಕೆಳಗ ಇಟ್ಟೀರಿ, ಹೌದಿಲ್ಲೋ? ನಿಮಗ ಯಾರರ ರಾತ್ರಿ ಎಲ್ಲಾ ಬಿರ್ಯಾನಿ ತಿನಿಸಿ ಮ್ಯಾಲೆ ಕಂಬಳಿ ಹೊಚ್ಚಿದ್ರ ಹ್ಯಾಂಗ ಆಗ್ತದ?"

ಗಿರಾಕಿಗಳು ತಲೆ ತಗ್ಗಿಸುತ್ತಾರೆ. ರಿಪೇರಿಗಿಂತ ಬೈಸಿಕೊಳ್ಳಲಿಕ್ಕೇ ಬರುವವರು ಹೆಚ್ಚು ಎಂದು ಪಕ್ಕದ ಕ್ಷೌರದಂಗಡಿಯವನು ಹೇಳುತ್ತಾನೆ. ಅವನ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ.

ಈ ವಿದ್ಯೆ ಶಫಿಗೆ ಪೆಟ್ಟು ತಿಂದು ಬಂದದ್ದು. ಅವನ ಅಪ್ಪ ಟಾರ್ಚ್ ರಿಪೇರಿಯವನು. ಆ ಕಾಲದಲ್ಲಿ ಸೆಲ್ಲು ಸೋತರೆ ಮಾಳಿಗೆಯ ಮೇಲೆ ಬಿಸಿಲಿಗಿಡುವುದು ವಾಡಿಕೆ. ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಕಾಯ್ದು ಅದು ಮತ್ತೆರಡು ದಿನ ಬೆಳಕು ಕೊಡುತ್ತಿತ್ತು. ಶಫಿ ತನ್ನ ಮೊದಲ ಮೊಬೈಲಿನ ಬ್ಯಾಟರಿಯನ್ನೂ ಹಾಗೇ ಬಿಸಿಲಿಗಿಟ್ಟ. ಸಂಜೆಗೆ ಅದು ಪೂರಿಯಂತೆ ಉಬ್ಬಿತ್ತು. ಅಂದು ಅವನ ಕಣ್ಣು ತೆರೆಯಿತು. ಲಿಥಿಯಂ ನಾಜೂಕಿನ ಜೀವ. ಅದಕ್ಕೆ ಬಿಸಿಲು ಆಗದು, ಉಪವಾಸ ಆಗದು, ಹೊಟ್ಟೆ ಬಿರಿಯುವ ಊಟವೂ ಆಗದು. ಇಪ್ಪತ್ತಕ್ಕೆ ಇಳಿದರೆ ಚಾರ್ಜಿಗೆ ಹಾಕು, ಎಂಬತ್ತಾದರೆ ತೆಗೆ. ಅವನು ತಾನೂ ಊಟದ ತಟ್ಟೆಯಿಂದ ಎಂಬತ್ತಕ್ಕೇ ಏಳುತ್ತಾನೆ.

ಈ ಹುಚ್ಚಿನಿಂದ ಮಗಳ ಮದುವೆಗೇ ಕುತ್ತು ಬಂದಿತ್ತು. ಶರಣಸಿರಸಗಿಯ ಕಡೆಯ ಒಂದು ಸಂಬಂಧ ಮಾತಾಡಲು ಹೋದಾಗ, ಬೀಗನಾಗಬೇಕಿದ್ದವನ ಮೊಬೈಲನ್ನು ಶಫಿ ಚಾರ್ಜಿನಿಂದ ಕಿತ್ತು, "ನೂರು ಆಗಿ ಎಷ್ಟೊತ್ತಾತು, ಮನುಷ್ಯತ್ವ ಅದಾ ನಿಮಗ?" ಎಂದು ಕೇಳಿದ್ದ. ಸಂಬಂಧ ಅಲ್ಲಿಗೇ ಮುರಿಯಿತು. ಮಗಳು ಮುಬಶ್ಶಿರಾ ಲ್ಯಾಬ್ ಟೆಕ್ನಿಷಿಯನ್. ಜೊತೆಗೆ ಓದಿದ ಕಮಲಾಪುರದ ಫುರ್ಕಾನನನ್ನು ಅವಳು ಒಪ್ಪಿದ್ದಳು, ಅವನೂ ಒಪ್ಪಿದ್ದ. ಹಿರಿಯರು ಹೂಂ ಅನ್ನುವುದೊಂದೇ ಬಾಕಿ. ಫುರ್ಕಾನನ ಮನೆಯ ಪದ್ಧತಿಯೆಂದರೆ, ಸಕ್ಕರೆ ಡಬ್ಬಿಯನ್ನು ಅಜ್ಜಿ ಜುಬೇದಾ ಒಳಗಿನಿಂದ ತರಬೇಕು, ಅಜ್ಜ ಅಲ್ಲಾವುದ್ದೀನ್ ಅದರಿಂದ ಒಂದು ಚಿಟಿಕೆ ತೆಗೆದು ಹೆಣ್ಣಿನ ಅಪ್ಪನ ಬಾಯಿಗಿಡಬೇಕು. ಇಬ್ಬರಲ್ಲಿ ಒಬ್ಬರು ಅಲ್ಲಾಡದಿದ್ದರೂ ಮದುವೆ ಇಲ್ಲ.

ಶಫಿಯ ಹೆಂಡತಿ ಲತೀಫಾ ಮನೆಯಲ್ಲಿ ದಖನಿ ಆಡುವವಳು. ಸಿಟ್ಟು ಬಂದರೆ ಮಾತ್ರ ಕನ್ನಡ. ಕಮಲಾಪುರದ ಬಸ್ಸು ಹತ್ತುವಾಗ ಕನ್ನಡದಲ್ಲೇ ಹೇಳಿದಳು: "ಅಲ್ಲಿ ಬ್ಯಾಟರಿ ಅಂತ ಬಾಯಿ ಬಿಟ್ರ, ಅಲ್ಲೇ ಬಿಟ್ಟು ಬರ್ತೇನಿ."

ಶಫಿ ಅರ್ಧ ಗಂಟೆ ತಡೆದುಕೊಂಡ, ಪಾಪ. ಅವರು ಕೊಟ್ಟ ಕೆಂಪು ಬಾಳೆಹಣ್ಣನ್ನು ಸುಲಿಯುತ್ತ ಅಂಗಳದತ್ತ ನೋಡಿದರೆ, ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ, ಒಣಮೆಣಸಿನಕಾಯಿಯ ನಡುವೆ, ಕರಿಯ ಪೆನ್ನಿನಂಥದೊಂದು ವಸ್ತು. ತುದಿಯಲ್ಲಿ ಪುಟ್ಟ ದೀಪ. ಹಣ್ಣು ಬಿಟ್ಟು ಓಡಿಹೋಗಿ ಅದನ್ನು ನೆರಳಿಗೆ ತಂದ. "ಯಾ ಅಲ್ಲಾ! ಇದರಾಗ ಬ್ಯಾಟರಿ ಅದಾರೀ! ಯಾರ್ರೀ ಇದನ್ನ ಬಿಸಿಲಿಗೆ ಹಾಕ್ದವ್ರು?"

ಹಾಕಿದವರು ಸಾಕ್ಷಾತ್ ಅಲ್ಲಾವುದ್ದೀನ್. ಲತೀಫಾ ಕಣ್ಣು ಮುಚ್ಚಿಕೊಂಡಳು. ಆದರೆ ಮುದುಕ ಸಿಟ್ಟಾಗಲಿಲ್ಲ. ಶಫಿಯನ್ನು ಹೊರಗಿನ ಕಟ್ಟೆಗೆ ಕರೆದೊಯ್ದು ಕಥೆ ಬಿಚ್ಚಿದ. ಬೀಡಿ ಬಿಡಲೆಂದು ಸೌದಿಯಲ್ಲಿರುವ ಅಳಿಯ ತಂದುಕೊಟ್ಟ ಬ್ಯಾಟರಿ ಹುಕ್ಕಾ, ಅಂದರೆ ಇ-ಸಿಗರೇಟು, ಅದು. ಇಲ್ಲಿ ಅದನ್ನು ಮಾರುವಂತಿಲ್ಲ, ಹಾಳಾದರೆ ಇನ್ನೊಂದಿಲ್ಲ. "ಮಧ್ಯಾಹ್ನದಾಗ ಸತ್ತೇ ಹೋಗ್ತದ. ಟಾರ್ಚಿನ ಸೆಲ್ಲಿನಂಗ ಬಿಸಿಲಿಗಿ ಇಟ್ರೂ ಏಳವಲ್ದು. ಇದಕ್ಕ ಆಯುಷ್ಯ ಕೊಡ್ರಿ. ಕೊಟ್ಟ ದಿನ ಸಕ್ಕರಿ ಬಾಯಿಗಿಡ್ತೇನಿ."

ಶಫಿ ಹಿಗ್ಗಿ ಹೀರೇಕಾಯಿಯಾದ. ಒಳಗೆ ನೀರು ಕೇಳಲು ಹೋದರೆ ಜುಬೇದಾ ಬಾಗಿಲಿಗೆ ಅಡ್ಡ ನಿಂತಳು. "ಬೀಡಿ ದಿನಕ್ಕ ಹತ್ತಿತ್ತು, ಇದು ಬಾಯಿ ಬಿಟ್ಟು ಇಳಿಯವಲ್ದು. ಕೆಮ್ಮಿ ಕೆಮ್ಮಿ ಎದಿ ಹಿಡಕೊಂಡು ಕೂಡ್ತಾರ. ನಂಗ ಬ್ಯಾಟರಿ ಬ್ಯಾಡ್ರೀ, ಮನುಷ್ಯಾ ಬೇಕು. ಅದನ್ನ ಕೊಂದುಬಿಡ್ರಿ. ಇಲ್ಲಂದ್ರ ಸಕ್ಕರಿ ಡಬ್ಬಿ ಹೊರಗ ಬರಂಗಿಲ್ಲ." ಶಫಿ ನೀರು ಕೇಳುವುದನ್ನೂ ಮರೆತು ಹೊರಗೆ ಬಂದ.

ಹಳೆಯ ಸೆಲ್ಲು ಬದಲಿಸಬೇಕೆಂದು ನೆಪ ಹೇಳಿ, ವಾರದ ಗಡುವು ಪಡೆದು ಹುಕ್ಕಾ ಸಮೇತ ಊರಿಗೆ ಮರಳಿದ. ಆ ವಾರ ಅವನ ಪಾಲಿಗೆ ಅತ್ತ ದರಿ, ಇತ್ತ ಪುಲಿ. ಬದುಕಿಸಿದರೆ ಅಜ್ಜಿ ಇಲ್ಲ, ಕೊಂದರೆ ಅಜ್ಜ ಇಲ್ಲ.

"ಕೊಂದು ಹಾಕ್ರಿ ಅತ್ಲಾಗ, ಆ ಮುದುಕರಿಗಿ ಏನರ ಹೇಳಿದ್ರಾತು," ಎಂದಳು ಲತೀಫಾ.

"ನಾ ಬ್ಯಾಟರಿ ಹಕೀಮ ಅದೀನಿ, ಕಟುಕ ಅಲ್ಲ. ಸುಳ್ಳೂ ಹೇಳಂಗಿಲ್ಲ."

ಹಾಗೆಂದನೇ ಹೊರತು ಅನ್ನ ಸೇರಲಿಲ್ಲ. ಆ ವಾರ ನಲವತ್ತಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದ. ಶನಿವಾರ ಮುಬಶ್ಶಿರಾ ಫುರ್ಕಾನನಿಗೆ ಫೋನು ಮಾಡಲು ಹೋದಳು. ಬಿಸಿಯಾಗಿದೆಯೆಂದು ಶಫಿ ಅವಳ ಮೊಬೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಹುಡುಗಿ ರೇಗಿದಳು. "ಅಬ್ಬಾಜಾನ್, ನಿಮ್ಮ ಪಥ್ಯದಾಗ ನನ್ನ ಬ್ಯಾಟರಿ ಆರು ವರ್ಷದಿಂದ ಗಟ್ಟಿ ಅದಾ, ಖರೇ. ಫೋನ್ ಮಾಡಾಕ ಮಾತ್ರ ಕೈಗಿ ಸಿಗಂಗಿಲ್ಲ!"

ಶಫಿ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು ಹುಕ್ಕಾಗೆ ತನ್ನಲ್ಲಿದ್ದ ಅತ್ಯುತ್ತಮ ಸೆಲ್ಲು ಹಾಕಿದ.

ಭಾನುವಾರ ಕಮಲಾಪುರದ ಪಡಸಾಲೆಯಲ್ಲಿ, ಎಲ್ಲರ ಎದುರಿಗೆ, ಶಫಿ ಪಥ್ಯ ಹೇಳಿದ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ತುಸು ಬಿಗಿ ಮಾಡಿದ್ದ ಅಷ್ಟೇ. "ಕೇಳ್ರಿ ಹಜರತ್. ಒಂದಾದ ಮ್ಯಾಲೊಂದು ಎಳೆದ್ರ ಸೆಲ್ಲು ಕಾಯ್ತದ. ಎರಡು ಸಲ ಎಳೆದ್ರಿ ಅಂದ್ರ ಎರಡು ತಾಸು ಮಲಗಸ್ರಿ. ಮುಂಜಾನಿ ಹತ್ತರಿಂದ ಸಂಜಿ ಐದರ ತನ ಸೆಕಿ ಭಾಳ, ಮುಟ್ಟಬ್ಯಾಡ್ರಿ. ಚಾರ್ಜು ಇಪ್ಪತ್ತರ ಕೆಳಗ ಇಳೀಬಾರದು, ಎಂಬತ್ತು ದಾಟಬಾರದು. ಎಷ್ಟು ಕಡಿಮಿ ಚಾರ್ಜು ಮಾಡ್ತೀರಿ ಅಷ್ಟು ಆಯುಷ್ಯ. ಮತ್ತ ಇಡೂದು ಮನ್ಯಾಗ ಎಲ್ಲಾಕಿಂತ ತಂಪು ಜಾಗಾದಾಗ."

"ತಂಪು ಅಂದ್ರ ಕಾಳಿನ ಕೋಣಿ," ಎಂದ ಅಲ್ಲಾವುದ್ದೀನ್ ಗಂಭೀರವಾಗಿ. "ಕೀಲಿ ಇವಳ ಸೊಂಟದಾಗ ಇರ್ತದ."

"ಹಂಗಾದ್ರ ಇನ್ನೂ ಚೊಲೋ," ಎಂದ ಶಫಿ.

ಮುಖ ಗಂಟಿಕ್ಕಿ ಕೂತಿದ್ದ ಜುಬೇದಾ ಈಗ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಹೊರಗೆ ಬಂದಾಗ ಕೈಯಲ್ಲಿ ಸಕ್ಕರೆ ಡಬ್ಬಿಯಂತೂ ಇತ್ತು. ಅಜ್ಜ ಚಿಟಿಕೆಯ ಬದಲು ಹಿಡಿ ತುಂಬ ತೆಗೆದು ಶಫಿಯ ಬಾಯಿಗೆ ತುರುಕಿದ. ಎಂಬತ್ತರ ಲೆಕ್ಕ ಅಂದು ನಡೆಯಲಿಲ್ಲ.

ಡಿಸೆಂಬರಿನಲ್ಲಿ ನಿಕಾಹ್ ಆಯಿತು. ಊಟದ ಹೊತ್ತಿಗೆ ಅಲ್ಲಾವುದ್ದೀನ್ ಶಫಿಯ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದ. ಮೈಕೈ ತುಂಬಿಕೊಂಡಿದ್ದ ಮುದುಕ ಕೆಮ್ಮಿದ್ದನ್ನು ಬೆಳಗಿನಿಂದ ಯಾರೂ ಕೇಳಿರಲಿಲ್ಲ. ಒಳಜೇಬಿನಿಂದ ರೇಷ್ಮೆ ಕರವಸ್ತ್ರ ತೆಗೆದು, ಮಡಿಕೆ ಬಿಚ್ಚಿ, ಹುಕ್ಕಾ ತೋರಿಸಿದ. ಅದರ ಮೈ ಮೇಲೆ ಒಂದು ಗೀರೂ ಇರಲಿಲ್ಲ.

"ನೋಡ್ರಿ ಬೀಗ್ರೇ, ಎಂಟು ತಿಂಗಳಾತು, ಹೊಸದರ ಹಂಗ ಅದಾ! ಕಮಲಾಪುರದಾಗ ಇಂಥಾ ಬ್ಯಾಟರಿ ಯಾರ ಹತ್ರಾನೂ ಇಲ್ಲ."

"ಮಾಶಾಲ್ಲಾ," ಎಂದ ಶಫಿ. "ದಿನಾ ಎಷ್ಟು ಸಲ ಎಳೀತೀರಿ?"

ಅಲ್ಲಾವುದ್ದೀನ್ ಹುಕ್ಕಾವನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಎಳೆಯೂದಾ? ಹಕೀಮ ಆಗಿ ಎಂಥಾ ಮಾತಾಡ್ತೀರಿ? ಎಳೆದ್ರ ಬ್ಯಾಟರಿ ಹಾಳಾಗಂಗಿಲ್ಲೇನ್ರೀ?"